ಹದಿನೇಳು ಹೆಣ, ಒಬ್ಬನೇ ಗಿರಾಕಿ

ಎಡಿನ್‌ಬರೋದ ಸರ್ಜನ್ಸ್ ಹಾಲ್ ಮ್ಯೂಸಿಯಂನಲ್ಲಿ ಒಂದು ಪುಟ್ಟ ಪಾಕೆಟ್ ಪುಸ್ತಕವಿದೆ. ಅದರ ಹೊದಿಕೆ ಮನುಷ್ಯನ ಚರ್ಮ. 1829ರ ಜನವರಿ 28ರಂದು ನೇಣಿಗೇರಿದ ವಿಲಿಯಂ ಬರ್ಕ್ ಎಂಬ ಕೊಲೆಗಾರನ ಮೈಯಿಂದ ಸುಲಿದದ್ದು. ಅವನ ಅಸ್ಥಿಪಂಜರವನ್ನು ಅದೇ ಊರಿನ ವಿಶ್ವವಿದ್ಯಾಲಯದ ಅಂಗರಚನಾ ಮ್ಯೂಸಿಯಂನಲ್ಲಿ ನಿಲ್ಲಿಸಿದ್ದಾರೆ. ಸಂಜೆಯಾದರೆ ಹಳೇ ಊರಿನ ಓಣಿಗಳಲ್ಲಿ ಪ್ರವಾಸಿಗರನ್ನು ಸುತ್ತಾಡಿಸಿ, ಬರ್ಕ್ ಮತ್ತು ಹೇರ್ ಎಂಬಿಬ್ಬರ ಕಥೆ ಹೇಳಿ ಮೈ ನಡುಗಿಸುವವರಿದ್ದಾರೆ. ಇವರ ಮೇಲೆ ಸಿನಿಮಾಗಳು ಬಂದಿವೆ, ಮಕ್ಕಳ ಆಟದ ಪದ್ಯವೂ ಹುಟ್ಟಿಕೊಂಡಿದೆ. ಆ ಪದ್ಯದಲ್ಲಿ ಕೊಂದವರ ಹೆಸರಿದೆ, ಕೊಂಡವನ ಹೆಸರಿದೆ. ಸತ್ತವರಲ್ಲಿ ಒಬ್ಬರ ಹೆಸರೂ ಇಲ್ಲ.

ಸತ್ತವರು ಹದಿನಾರು ಮಂದಿ. ಅವರಲ್ಲಿ ಹದಿನೈದು ಮಂದಿಯನ್ನು ಪಾಠದ ಮೇಜಿನ ಮೇಲೆ ಕೊಯ್ದು ಮುಗಿಸಲಾಯಿತು. ಹೋಗಿ ಹೂವಿಡಲು ಅವರಿಗೊಂದು ಗೋರಿಯಿಲ್ಲ. ಕೆಲವರು ಯಾರು, ಯಾವೂರಿನವರು ಎಂಬುದೂ ಗೊತ್ತಿಲ್ಲ. ಕೊಲೆಗಾರನ ಚರ್ಮವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ ಊರಿಗೆ ಕೊಲೆಯಾದ ಎಲ್ಲರ ಹೆಸರು ಬರೆದಿಡುವಷ್ಟು ವ್ಯವಧಾನವಿರಲಿಲ್ಲ. ಇದನ್ನು ಚರಿತ್ರೆಯ ವೈಚಿತ್ರ್ಯ ಎಂದು ಕರೆದು ದಾಟಿಹೋಗುವುದು ನನ್ನಿಂದಾಗದು. ಬಡವರ ಮೈಯನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಅವರನ್ನು ಹಾಳುಗೆಡವಿದ್ದಕ್ಕೆ ಉತ್ತರ ಕೊಡಬೇಕಾದವರು ಉತ್ತರ ಕೊಡದೆ ಜಾರಿಕೊಂಡರು. ನನ್ನ ಸಿಟ್ಟು ಇರುವುದು ಅಲ್ಲಿ.

ಎಲ್ಲ ಶುರುವಾದದ್ದು ನಾಲ್ಕು ಪೌಂಡ್ ಬಾಡಿಗೆ ಬಾಕಿಯಿಂದ. ಎಡಿನ್‌ಬರೋದ ವೆಸ್ಟ್ ಪೋರ್ಟ್ ಎಂಬ ಕೇರಿಯ ಟ್ಯಾನರ್ಸ್ ಕ್ಲೋಸ್ ಓಣಿಯಲ್ಲಿ ವಿಲಿಯಂ ಹೇರ್ ಮತ್ತು ಅವನ ಹೆಂಡತಿ ಕೂಲಿಕಾರರಿಗೆ, ಅಲೆಮಾರಿಗಳಿಗೆ ಮಲಗಲು ಜಾಗ ಕೊಟ್ಟು ಬಾಡಿಗೆ ಎಣಿಸುತ್ತಿದ್ದರು. ಹೇರ್, ಬರ್ಕ್ ಇಬ್ಬರೂ ಐರ್ಲೆಂಡಿನಿಂದ ಕಾಲುವೆ ತೋಡುವ ಕೂಲಿಗೆ ಬಂದವರು. 1827ರ ನವೆಂಬರ್ 29ರಂದು ಡೊನಾಲ್ಡ್ ಎಂಬ ಮುದುಕ, ಪಿಂಚಣಿಯ ಮಾಜಿ ಸೈನಿಕ, ಮೈ ಬಾತುಕೊಂಡು ಅಲ್ಲಿ ತೀರಿಕೊಂಡ. ಅವನು ಕೊಡಬೇಕಿದ್ದ ಬಾಕಿ ವಸೂಲಾಗಬೇಕಲ್ಲ? ಶವಪೆಟ್ಟಿಗೆಗೆ ಚರ್ಮ ಹದಮಾಡುವ ಮರದ ತೊಗಟೆ ತುಂಬಿ ಮಣ್ಣಿಗೆ ಕಳಿಸಿದರು. ಮುದುಕನ ಹೆಣವನ್ನು ಸರ್ಜನ್ಸ್ ಸ್ಕ್ವೇರಿಗೆ ಹೊತ್ತೊಯ್ದರು. ಅವರು ಹುಡುಕಿಕೊಂಡು ಹೋದದ್ದು ವಿಶ್ವವಿದ್ಯಾಲಯದ ಪ್ರೊಫೆಸರ್ ಮನ್ರೋನನ್ನು. ದಾರಿಯಲ್ಲಿ ಸಿಕ್ಕ ವಿದ್ಯಾರ್ಥಿಯೊಬ್ಬ ಹತ್ತನೇ ನಂಬರಿನ ಕಟ್ಟಡ ತೋರಿಸಿದ. ಅದು ಡಾಕ್ಟರ್ ರಾಬರ್ಟ್ ನಾಕ್ಸ್‌ನ ಖಾಸಗಿ ಅನಾಟಮಿ ಶಾಲೆ. ಅಲ್ಲಿ ಏಳೂವರೆ ಪೌಂಡ್ ಕೈಗೆ ಬಿತ್ತು. ಮತ್ತೆ ತನ್ನಿ ಎಂದರು.

ಕೂಲಿಯವನಿಗೆ ತಿಂಗಳುಗಟ್ಟಲೆ ಮೈಮುರಿದರೂ ಕೂಡದ ಹಣ ಅದು. ಮುಂದಿನ ವರ್ಷದ ಮೊದಲ ತಿಂಗಳುಗಳಿಂದ ಅಕ್ಟೋಬರ್ ಕೊನೆಯವರೆಗೆ ಅವರಿಬ್ಬರೂ ಹದಿನಾರು ಜನರನ್ನು ಕೊಂದರು. ವಿಧಾನ ಒಂದೇ. ಕರೆದು ಕೂರಿಸಿ ವಿಸ್ಕಿ ಕುಡಿಸುವುದು, ಅಮಲೇರಿದ ಮೇಲೆ ಒಬ್ಬ ಎದೆಯ ಮೇಲೆ ಭಾರ ಹಾಕುವುದು, ಇನ್ನೊಬ್ಬ ಮೂಗು ಬಾಯಿ ಅದುಮಿ ಹಿಡಿಯುವುದು. ಮೈಮೇಲೆ ಗಾಯವಿಲ್ಲ, ರಕ್ತವಿಲ್ಲ. ಚಳಿಗಾಲದಲ್ಲಿ ಹೆಣಕ್ಕೆ ಹತ್ತು ಪೌಂಡ್, ಬೇಸಿಗೆಯಲ್ಲಿ ಬೇಗ ಕೊಳೆಯುತ್ತದೆಂದು ಎಂಟು. ಹತ್ತು ತಿಂಗಳ ಉದ್ದಕ್ಕೂ ನಾಕ್ಸ್‌ನ ಶಾಲೆಯ ಬಾಗಿಲು ಅವರಿಗೆ ಒಮ್ಮೆಯೂ ಮುಚ್ಚಲಿಲ್ಲ.

ಯಾರನ್ನು ಕೊಂದರು ನೋಡಿ. ಗಿಲ್ಮರ್ಟನ್ ಊರಿನಿಂದ ಉಪ್ಪು ಮಾರಲು ಬಂದಿದ್ದ ಮುದುಕಿ ಅಬಿಗೇಲ್ ಸಿಂಪ್ಸನ್. ಕಸದ ಬೂದಿಯಲ್ಲಿ ಕೆದಕಿ ಹೊಟ್ಟೆ ಹೊರೆಯುತ್ತಿದ್ದ ಎಫಿ. ಬಟ್ಟೆ ಒಗೆಯುವ ಆಸ್ಲರ್. ಮೇರಿ ಹಾಲ್ಡೇನ್ ಎಂಬ ಮುದುಕಿ, ಆಮೇಲೆ ಅಮ್ಮನನ್ನು ಹುಡುಕುತ್ತ ಬಂದ ಅವಳ ಮಗಳು. ಒಬ್ಬ ಅಜ್ಜಿ ಮತ್ತು ಅವಳ ಜೊತೆಗಿದ್ದ ಮೊಮ್ಮಗ, ಚಿಕ್ಕ ಹುಡುಗ. ಕೇಳುವವರಿಲ್ಲದ ಜನ, ಅಥವಾ ಕೇಳುವವರ ಮಾತಿಗೆ ಬೆಲೆಯಿಲ್ಲದ ಜನ. ಹೊಂಚು ಹಾಕಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೊಂಡವರಿಗೂ ಗೊತ್ತಿತ್ತು.

ಮೇರಿ ಪ್ಯಾಟರ್‌ಸನ್‌ಳ ಸಂಗತಿ ಕೇಳಿ. ಹದಿನೆಂಟರ ಆಸುಪಾಸಿನ ಹುಡುಗಿ. ಏಪ್ರಿಲ್‌ನ ಒಂದು ಬೆಳಿಗ್ಗೆ ಗೆಳತಿ ಜಾನೆಟ್ ಬ್ರೌನ್ ಜೊತೆ ಇದ್ದಾಗ ಬರ್ಕ್‌ನ ಕಣ್ಣಿಗೆ ಬಿದ್ದಳು. ತಿಂಡಿಗೆ ಕರೆದ, ಕುಡಿಸಿದ. ಗೆಳತಿ ಹೇಗೋ ಎದ್ದು ಹೋದಳು, ಬದುಕಿದಳು. ಮೇರಿ ಅಲ್ಲೇ ನಿದ್ದೆ ಹೋದಳು. ಕೆಲವೇ ಗಂಟೆಗಳಲ್ಲಿ ಅವಳ ಹೆಣ ನಾಕ್ಸ್‌ನ ಶಾಲೆಯಲ್ಲಿತ್ತು. ಅಲ್ಲಿದ್ದ ಫರ್ಗೂಸನ್ ಎಂಬ ತರುಣ ಸಹಾಯಕ, ಈ ಹುಡುಗಿಯನ್ನು ಎಲ್ಲೋ ನೋಡಿದಂತಿದೆ, ಎಲ್ಲಿ ಸಿಕ್ಕಳು ಎಂದು ಕೇಳಿದ. ಕ್ಯಾನನ್‌ಗೇಟ್ ಹಿಂದಿನ ಒಬ್ಬ ಮುದುಕಿಯಿಂದ ಕೊಂಡೆ ಎಂದ ಬರ್ಕ್. ಅಷ್ಟಕ್ಕೇ ಎಲ್ಲರೂ ತೃಪ್ತರಾದರು. ಅವಳ ಕೂದಲು ಕತ್ತರಿಸಲು ಒಬ್ಬ ವಿದ್ಯಾರ್ಥಿ ಬರ್ಕ್‌ನ ಕೈಗೆ ಕತ್ತರಿ ಕೊಟ್ಟ. ಎಂಟು ಪೌಂಡ್ ಎಣಿಸಿದರು. ನಾಕ್ಸ್ ಆ ಮೈಯನ್ನು ಕೂಡಲೇ ಕೊಯ್ಯಲಿಲ್ಲ. ಚೆಂದವಿದೆಯೆಂದು ಮೂರು ತಿಂಗಳು ವಿಸ್ಕಿಯಲ್ಲಿ ಅದ್ದಿಟ್ಟ. ಚಿತ್ರ ಬರೆಸಿದ.

ನೆನ್ನೆ ಮೊನ್ನೆ ಊರಲ್ಲಿ ಓಡಾಡುತ್ತಿದ್ದ ಹುಡುಗಿಯ ಮೈ, ಕಾಯಿಲೆಯ ಗುರುತಿಲ್ಲ, ಮಣ್ಣಿನ ಕಲೆಯಿಲ್ಲ, ಶವಪೆಟ್ಟಿಗೆಯ ವಾಸನೆಯಿಲ್ಲ. ನಾಕ್ಸ್ ಎಳೆಯ ಹುಡುಗನೇನಲ್ಲ. ವಾಟರ್‌ಲೂ ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಮಾಡಿ ಬಂದ ಸೈನ್ಯದ ವೈದ್ಯ. ಸಾವು ಹೇಗಿರುತ್ತದೆ, ಹೂತು ಅಗೆದ ಹೆಣ ಹೇಗಿರುತ್ತದೆ ಎಂಬುದನ್ನು ಐನೂರರಷ್ಟು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದವನು. ಆರಂಭದ ಒಂದು ಕೊಲೆಯ ಹೆಣವನ್ನು ತಂದಾಗ ಅದು ಇಷ್ಟು ತಾಜಾ ಇರುವುದನ್ನು ಅವನು ಮೆಚ್ಚಿದ, ಆದರೆ ಏನೂ ಕೇಳಲಿಲ್ಲ ಎಂದು ಬರ್ಕ್ ನೇಣಿಗೆ ಮುಂಚೆ ಹೇಳಿದ್ದಾನೆ. ಇಡೀ ಪ್ರಕರಣದ ತಿರುಳು ಆ ಮಾತಿನಲ್ಲಿದೆ. ಏನೂ ಕೇಳಲಿಲ್ಲ. ಕೇಳಿದ್ದರೆ ಒಂದೇ ಒಂದು ಹೆಣಕ್ಕೆ ಇದು ನಿಲ್ಲಬಹುದಿತ್ತು.

ಜೇಮ್ಸ್ ವಿಲ್ಸನ್‌ನನ್ನು ಊರೇ ಜೇಮಿ ಎನ್ನುತ್ತಿತ್ತು. ಹದಿನೆಂಟು ವಯಸ್ಸು, ಬುದ್ಧಿ ಮಗುವಿನದು, ಪಾದ ಸೊಟ್ಟ, ಚಳಿಯಿರಲಿ ಮಳೆಯಿರಲಿ ಬರಿಗಾಲು. ಯಾರಿಗೂ ಕೇಡು ಬಗೆದವನಲ್ಲ. ಅವನ ಹತ್ತಿರ ಒಂದು ಹಿತ್ತಾಳೆ ನಶ್ಯದ ಡಬ್ಬಿ, ಒಂದು ತಾಮ್ರದ ಚಮಚ. ಚಮಚಕ್ಕೆ ಏಳು ತೂತು, ವಾರದ ಏಳು ದಿನಕ್ಕೆ ಒಂದೊಂದು, ನಡುವಿನದು ಭಾನುವಾರ. ಅವನ ಕ್ಯಾಲೆಂಡರ್ ಅದು. ಅಕ್ಟೋಬರ್‌ನಲ್ಲಿ ಒಂದು ದಿನ ಗ್ರಾಸ್‌ಮಾರ್ಕೆಟಿನಲ್ಲಿ ಅಮ್ಮನನ್ನು ಹುಡುಕುತ್ತಿದ್ದವನನ್ನು ಹೇರ್‌ನ ಹೆಂಡತಿ ಮನೆಗೆ ಕರೆದೊಯ್ದಳು. ಅವನು ಹೆಚ್ಚು ಕುಡಿಯಲಿಲ್ಲ. ಮೈಮೇಲೆ ಬಿದ್ದಾಗ ಗುದ್ದಾಡಿದ. ಇಬ್ಬರೂ ಸೇರಿ ಕೊಂದರು. ಡಬ್ಬಿ ಹೇರ್‌ಗೆ, ಚಮಚ ಬರ್ಕ್‌ಗೆ. ಬಟ್ಟೆಯನ್ನು ಬರ್ಕ್ ತನ್ನ ಸಹೋದರನ ಮಕ್ಕಳಿಗೆ ಕೊಟ್ಟ.

ಮೇಜಿನ ಮೇಲೆ ಹಾಕಿದಾಗ ವಿದ್ಯಾರ್ಥಿಗಳು ಗುರುತು ಹಿಡಿದರು, ಇವನು ನಮ್ಮ ಜೇಮಿ ಎಂದರು. ನಾಕ್ಸ್ ಅಲ್ಲವೆಂದ. ಊರಲ್ಲಿ ಜೇಮಿ ಕಾಣೆಯಾದ ಸುದ್ದಿ ಹರಡುತ್ತಲೇ ಆ ಹೆಣವನ್ನು ಸರದಿ ತಪ್ಪಿಸಿ ಬೇಗ ಕೊಯ್ಯಲಾಯಿತು. ತಲೆ ಬೇರೆಯಾಯಿತು, ಎಲ್ಲರಿಗೂ ಗೊತ್ತಿದ್ದ ಆ ಸೊಟ್ಟ ಪಾದಗಳೂ ಬೇರೆಯಾದವು. ಇದನ್ನು ಅಜಾಗರೂಕತೆ ಎಂದು ಒಪ್ಪಿಕೊಳ್ಳಬೇಕಂತೆ. ನಾನು ಒಪ್ಪುವುದಿಲ್ಲ. ಗುರುತಿದ್ದ ಭಾಗಗಳೇ ಮೊದಲು ಕಾಣೆಯಾದರೆ ಅದು ಕೈ ತಪ್ಪಿದ ಕೆಲಸವಲ್ಲ.

ಇದೆಲ್ಲ ಹೊರಬಿದ್ದದ್ದು ಪ್ರೊಫೆಸರರಿಂದಲ್ಲ, ಪೊಲೀಸರಿಂದಲ್ಲ, ಚರ್ಚಿನವರಿಂದಲ್ಲ. ಬರ್ಕ್‌ನ ಮನೆಯಲ್ಲಿ ತಂಗಿದ್ದ ಜೇಮ್ಸ್ ಗ್ರೇ, ಆನ್ ಗ್ರೇ ಎಂಬ ಬಡ ಗಂಡಹೆಂಡಿರಿಂದ. 1828ರ ಅಕ್ಟೋಬರ್ 31ರ ರಾತ್ರಿ ಐರ್ಲೆಂಡಿನಿಂದ ಮಗನನ್ನು ಹುಡುಕಿಕೊಂಡು ಬಂದಿದ್ದ ಮಾರ್ಗರೆಟ್ ಡಾಕರ್ಟಿಯನ್ನು ಕೊಂದು ಹುಲ್ಲಿನಡಿ ಮುಚ್ಚಿದ್ದರು. ಮರುದಿನ ಆನ್ ಗ್ರೇ ಹಾಸಿಗೆಯ ಹತ್ತಿರ ಹೋಗಲು ಬಿಡದಿದ್ದುದಕ್ಕೆ ಅನುಮಾನಪಟ್ಟು ಹುಲ್ಲು ಸರಿಸಿ ನೋಡಿದಳು. ಬರ್ಕ್ ಜೊತೆಗಿದ್ದ ಹೆಲೆನ್ ಮ್ಯಾಕ್‌ಡೂಗಲ್ ಕಾಲಿಗೆ ಬಿದ್ದು, ಸುಮ್ಮನಿದ್ದರೆ ವಾರಕ್ಕೆ ಹತ್ತು ಪೌಂಡ್ ಸಿಗುತ್ತದೆ ಎಂದಳು. ಹೊಟ್ಟೆಗೆ ಗತಿಯಿಲ್ಲದವರು ಹತ್ತು ಪೌಂಡನ್ನು ಒದ್ದು ಠಾಣೆಗೆ ನಡೆದರು. ಹತ್ತು ತಿಂಗಳು ಹತ್ತತ್ತು ಪೌಂಡ್ ಎಣಿಸಿ ಕೊಟ್ಟ ವಿದ್ವಾಂಸರಿಗೆ ಇಲ್ಲದ ಮಾನ ಆ ಇಬ್ಬರಿಗಿತ್ತು. ಎಡಿನ್‌ಬರೋದಲ್ಲಿ ಪ್ರತಿಮೆ ನಿಲ್ಲಿಸುವುದಾದರೆ ಆನ್ ಗ್ರೇಯದ್ದು ನಿಲ್ಲಿಸಬೇಕು.

ಪೊಲೀಸರು ಬರುವ ಹೊತ್ತಿಗೆ ಹೆಣ ಮನೆಯಲ್ಲಿರಲಿಲ್ಲ. ಸಿಕ್ಕಿದ್ದು ನಾಕ್ಸ್‌ನ ನೆಲಮಾಳಿಗೆಯಲ್ಲಿ, ಚಹಾ ಪೆಟ್ಟಿಗೆಯೊಳಗೆ. ಹದಿನೇಳನೆಯದು. ಕೊಯ್ಯುವುದಕ್ಕೆ ಇನ್ನೂ ಸಮಯವಾಗಿರಲಿಲ್ಲವಾದ್ದರಿಂದ ಅದೊಂದೇ ಉಳಿದದ್ದು.

ನ್ಯಾಯಾಲಯದಲ್ಲಿ ಏನಾಯಿತು ಗೊತ್ತೇ? ಹೆಣವಿಲ್ಲದೆ ಕೊಲೆಯಾಗಿದೆ ಎಂದು ಸಾಬೀತುಪಡಿಸುವುದು ಕಷ್ಟ. ಹದಿನೈದು ಹೆಣಗಳು ಪಾಠಕ್ಕೆ ಖರ್ಚಾಗಿದ್ದವು. ಛೇದನದ ಚಾಕು ಬಡವರ ಮೈಯ ಜೊತೆಗೆ ಅವರ ನ್ಯಾಯವನ್ನೂ ಕೊಯ್ದು ಹಾಕಿತ್ತು. ಸಾಕ್ಷ್ಯ ಸಾಲದು ಎಂದು ಸರ್ಕಾರ ಹೇರ್‌ನನ್ನು ಮಾಫಿ ಸಾಕ್ಷಿ ಮಾಡಿಕೊಂಡಿತು. ಡಿಸೆಂಬರ್ 24ರ ಬೆಳಿಗ್ಗೆ ಕೂತ ನ್ಯಾಯಾಲಯ ರಾತ್ರಿಯಿಡೀ ವಿಚಾರಣೆ ನಡೆಸಿ ಕ್ರಿಸ್‌ಮಸ್ ದಿನ ಬೆಳಿಗ್ಗೆ ತೀರ್ಪು ಕೊಟ್ಟಿತು. ಬರ್ಕ್ ಒಬ್ಬನಿಗೆ ಗಲ್ಲು, ಅದೂ ಡಾಕರ್ಟಿಯ ಕೊಲೆಗೆ ಮಾತ್ರ. ಹೆಲೆನ್ ಮೇಲಿನ ಆರೋಪ ರುಜುವಾತಾಗಲಿಲ್ಲ. ಜೇಮಿಯ ತಾಯಿ, ಸಹೋದರಿ ಇಬ್ಬರೂ ಬಿಡಲಿಲ್ಲ. ಹೇರ್‌ನ ಮೇಲೆ ಖಾಸಗಿ ಮೊಕದ್ದಮೆ ಹೂಡಿದರು. ಸರ್ಕಾರ ಮಾತು ಕೊಟ್ಟಿದೆ, ಹೇರ್‌ನನ್ನು ಮುಟ್ಟುವಂತಿಲ್ಲ ಎಂದು ಉಚ್ಚ ನ್ಯಾಯಾಲಯ ಆ ತಾಯಿಯನ್ನು ವಾಪಸು ಕಳಿಸಿತು. ಫೆಬ್ರವರಿಯಲ್ಲಿ ಹೇರ್ ಹೊರಬಂದು ಕಣ್ಮರೆಯಾದ.

ನಾಕ್ಸ್‌ನನ್ನು ಸಾಕ್ಷಿಕಟ್ಟೆಗೂ ಕರೆಯಲಿಲ್ಲ. ಜನ ಅವನ ಪ್ರತಿಕೃತಿ ಮಾಡಿ ನೇಣು ಹಾಕಿದರು, ಮನೆಗೆ ಕಲ್ಲು ತೂರಿದರು. ಗಣ್ಯರ ಸಮಿತಿಯೊಂದು ಕೂತು, ಕೊಲೆಯೆಂದು ಅವನಿಗೆ ತಿಳಿದಿತ್ತೆನ್ನಲು ಪುರಾವೆಯಿಲ್ಲ, ಹೆಣ ಪಡೆಯುವಾಗ ಇನ್ನಷ್ಟು ಎಚ್ಚರ ಬೇಕಿತ್ತು ಎಂದು ವರದಿ ಬರೆಯಿತು. ಹದಿನಾರು ಜೀವಕ್ಕೆ ‘ಇನ್ನಷ್ಟು ಎಚ್ಚರ’. ವಿದ್ಯಾರ್ಥಿಗಳು ಅವನಿಗೆ ಬೆಂಬಲವಾಗಿ ನಿಂತರು. ಮುಂದೆ ಅವನು ಮನುಷ್ಯ ಜನಾಂಗಗಳಲ್ಲಿ ಮೇಲುಕೀಳು ಹೇಳುವ ಪುಸ್ತಕವನ್ನು 1850ರಲ್ಲಿ ಪ್ರಕಟಿಸಿದ. ಬಡವರ ಮೈಗೆ ಕೊಡದ ಗೌರವವನ್ನು ಬಿಳಿಯರಲ್ಲದವರಿಗೆ ಅವನು ಕೊಡುವುದಾದರೂ ಹೇಗೆ? ಮೇರಿಯ ಗುರುತು ಹಿಡಿದು ಸುಮ್ಮನಾದ ಫರ್ಗೂಸನ್ ಸರ್ ವಿಲಿಯಂ ಆದ. 1870ರಲ್ಲಿ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಅಧ್ಯಕ್ಷನಾದ.

ಅನಾಟಮಿ ಕಲಿಯದೆ ವೈದ್ಯ ಹೇಗಾಗಬೇಕು ಎಂದು ಕೇಳುವವರಿದ್ದಾರೆ. ಕಲಿಯಬೇಕು, ಸರಿ. ಮನುಷ್ಯನ ಮೈ ತೆರೆದು ನೋಡದೆ ಶಸ್ತ್ರಚಿಕಿತ್ಸೆ ಬೆಳೆಯುವುದು ಸಾಧ್ಯವಿರಲಿಲ್ಲ. ಅರಿವಳಿಕೆ ಇಲ್ಲದ ಕಾಲ, ಕೈಚಳಕ ಇಲ್ಲದ ಸರ್ಜನ್ ರೋಗಿಯನ್ನು ಕೊಂದೇ ಬಿಡುತ್ತಿದ್ದ. ಈ ಅಗತ್ಯ ನಿಜ. ಆದರೆ ಆ ಅಗತ್ಯದ ಬೆಲೆಯನ್ನು ಯಾರು ತೆತ್ತರು? 1752ರ ಕಾನೂನು ಗಲ್ಲಿಗೇರಿದ ಕೊಲೆಗಾರರ ದೇಹವನ್ನು ಛೇದನಕ್ಕೆ ಕೊಡಬೇಕೆಂದಿತ್ತು. ಸಾವಿನ ಮೇಲೆ ಇನ್ನೊಂದು ಅವಮಾನದ ಶಿಕ್ಷೆ ಅದು. ಶಾಲೆಗಳು ಹೆಚ್ಚಿದವು, ಆ ಹೆಣಗಳು ಸಾಲಲಿಲ್ಲ. ಗೋರಿ ಅಗೆಯುವ ಕಳ್ಳರು ಹುಟ್ಟಿಕೊಂಡರು. ಇಂಗ್ಲೆಂಡಿನಲ್ಲಿ ಹೆಣ ಯಾರ ಆಸ್ತಿಯೂ ಅಲ್ಲ, ಶವದ ಮೇಲಿನ ಬಟ್ಟೆ ಆಸ್ತಿ. ಅದಕ್ಕೇ ಕಳ್ಳರು ಬಟ್ಟೆ ಬಿಚ್ಚಿ ಗುಂಡಿಗೆ ಎಸೆದು ಬೆತ್ತಲೆ ಹೆಣ ಒಯ್ಯುತ್ತಿದ್ದರು. ಬಟ್ಟೆ ಕದ್ದರೆ ಕಳ್ಳತನ, ಮನುಷ್ಯನನ್ನು ಕದ್ದರೆ ಸಣ್ಣ ತಪ್ಪು. ಹಣವಿದ್ದವರು ಗೋರಿಗೆ ಕಬ್ಬಿಣದ ಪಂಜರ ಹಾಕಿಸಿದರು, ರಾತ್ರಿ ಕಾವಲಿಟ್ಟರು. ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದಲ್ಲಿ ಆ ಪಂಜರಗಳು ಇವತ್ತಿಗೂ ಇವೆ. ಬಡವನ ಗೋರಿಗೆ ಪಂಜರ ಹಾಕಿಸುವವರು ಯಾರು? ಯಾರ ಹೆಣ ಬೇಕಾದರೂ ತಾನು ತರಿಸಬಲ್ಲೆ ಎಂದು ಲಂಡನ್ನಿನ ಹೆಸರಾಂತ ಸರ್ಜನ್ ಆಸ್ಟ್ಲಿ ಕೂಪರ್ 1828ರ ಸಂಸದೀಯ ಸಮಿತಿಯ ಮುಂದೆ ಎದೆತಟ್ಟಿ ಹೇಳಿದ್ದ. ಯಾರೂ ಅವನನ್ನು ಬಂಧಿಸಲಿಲ್ಲ.

ಎಡಿನ್‌ಬರೋದ ಕೊಲೆಗಳಿಂದ ಲಂಡನ್ ಪಾಠ ಕಲಿಯಲು ಇನ್ನೊಂದು ಮಗು ಸಾಯಬೇಕಾಯಿತು. 1831ರ ನವೆಂಬರ್ 5ರಂದು ಜಾನ್ ಬಿಷಪ್, ಥಾಮಸ್ ವಿಲಿಯಮ್ಸ್, ಜೇಮ್ಸ್ ಮೇ ಎಂಬವರು ಕಿಂಗ್ಸ್ ಕಾಲೇಜಿಗೆ ಒಬ್ಬ ಹುಡುಗನ ಹೆಣ ತಂದರು. ಹನ್ನೆರಡು ಗಿನಿ ಕೇಳಿದರು, ಒಂಬತ್ತಕ್ಕೆ ಇಳಿದರು. ಹಲ್ಲುಗಳನ್ನು ಆಗಲೇ ಕಿತ್ತು ದಂತವೈದ್ಯನಿಗೆ ಮಾರಿಯಾಗಿತ್ತು. ಅಲ್ಲಿನ ಅನಾಟಮಿ ಅಧ್ಯಾಪಕ ರಿಚರ್ಡ್ ಪಾರ್ಟ್ರಿಜ್‌ಗೆ ಅನುಮಾನ ಬಂತು. ಐವತ್ತು ಪೌಂಡಿನ ನೋಟಿಗೆ ಚಿಲ್ಲರೆ ಬೇಕೆಂದು ಅವರನ್ನು ಕಾಯಿಸಿ ಪೊಲೀಸರನ್ನು ಕರೆಸಿದ. ಬಿಷಪ್, ವಿಲಿಯಮ್ಸ್ ಇಬ್ಬರಿಗೂ ಡಿಸೆಂಬರ್ 5ರಂದು ಗಲ್ಲಾಯಿತು. ಪಾರ್ಟ್ರಿಜ್ ಮಾಡಿದ್ದು ಇಷ್ಟೇ: ಅನುಮಾನ ಬಂದದ್ದನ್ನು ನುಂಗದೆ ಠಾಣೆಗೆ ಹೇಳಿ ಕಳಿಸಿದ. ನಾಕ್ಸ್‌ಗೆ ಇದು ಸಾಧ್ಯವಿರಲಿಲ್ಲವೆ? ಪಾರ್ಟ್ರಿಜ್‌ನ ನೋಟು ಅವನ ವಿರುದ್ಧದ ದೊಡ್ಡ ಸಾಕ್ಷಿ.

ಆಮೇಲೆ ಸಂಸತ್ತು ಎಚ್ಚೆತ್ತಿತು. 1832ರಲ್ಲಿ ಹೆನ್ರಿ ವಾರ್ಬರ್ಟನ್ ತಂದ ಅನಾಟಮಿ ಕಾನೂನು ಬಂತು. ಕೊಲೆಗಾರರ ದೇಹ ಕೊಯ್ಯುವುದು ನಿಂತಿತು. ಬದಲಿಗೆ ಯಾರದು? ಆಸ್ಪತ್ರೆಗಳಲ್ಲಿ, ಬಡವರನ್ನು ಕೂಡಿಹಾಕಿ ದುಡಿಸುವ ವರ್ಕ್‌ಹೌಸುಗಳಲ್ಲಿ ಸತ್ತು, ಹಣ ಕೊಟ್ಟು ಮಣ್ಣು ಮಾಡಿಸುವವರಿಲ್ಲದವರದು. ಎಂಬತ್ತು ವರ್ಷ ಕೊಲೆಗಿದ್ದ ಶಿಕ್ಷೆಯನ್ನು ಎತ್ತಿ ಬಡತನದ ತಲೆಗೆ ಕಟ್ಟಿದರು. ಬರ್ಕ್, ಹೇರ್ ಕತ್ತಲಲ್ಲಿ ಬಡವರನ್ನು ಆರಿಸುತ್ತಿದ್ದರು. ಕಾನೂನು ಹಗಲಿನಲ್ಲೇ ಆರಿಸತೊಡಗಿತು. ಹೆಣ ಕದಿಯುವ ದಂಧೆ ಹೋಯಿತು, ನಿಜ, ಕದಿಯುವ ಅಗತ್ಯವೇ ಉಳಿಯದಿದ್ದ ಮೇಲೆ ಅದಕ್ಕೆ ಅನ್ನವೆಲ್ಲಿ? ಜನರಿಗೆ ಇದು ಅರ್ಥವಾಗಿತ್ತು. ಕಾನೂನು ಬರುವ ಮುಂಚೆಯೇ, 1831ರ ಡಿಸೆಂಬರಿನಲ್ಲಿ, ಅಬರ್ಡೀನಿನ ಒಂದು ಅನಾಟಮಿ ಶಾಲೆಯ ಹಿತ್ತಲಲ್ಲಿ ನಾಯಿ ಮಾನವ ಅವಶೇಷ ಕೆದರಿದ್ದಕ್ಕೆ ಜನ ಕಟ್ಟಡಕ್ಕೇ ಬೆಂಕಿ ಇಟ್ಟಿದ್ದರು.

ಈ ಕಾನೂನಿನ ಬುನಾದಿ ನಮ್ಮ ಮನೆಯೊಳಗೂ ಬಂದಿದೆ. ಬಾಂಬೆ ಅನಾಟಮಿ ಕಾನೂನು 1949ರದು, ಕರ್ನಾಟಕದ್ದು 1957ರದು. ಎರಡರ ಜೀವಾಳವೂ ಅದೇ: ವಾರಸುದಾರರಿಲ್ಲದ ಶವವನ್ನು ವೈದ್ಯ ಶಿಕ್ಷಣಕ್ಕೆ ಒದಗಿಸುವುದು. ಸ್ವತಂತ್ರ ಭಾರತ ಬರೆದುಕೊಂಡ ಕಾನೂನುಗಳಲ್ಲಿ 1832ರ ಲಂಡನ್ನಿನ ನೆರಳು ಚಾಚಿದೆ. ವಾರಸುದಾರರಿಲ್ಲ ಎಂದರೆ ಯಾರು? ಊರು ಬಿಟ್ಟು ಕೆಲಸ ಹುಡುಕಿ ಬಂದವನು. ಬಸ್‌ಸ್ಟ್ಯಾಂಡಿನಲ್ಲಿ ಮಲಗಿ ಮೇಲೇಳದವಳು. ಹೆಸರು ಹೇಳುವ ಮುಂಚೆ ಜ್ಞಾನ ತಪ್ಪಿದ ಮುದುಕ. ಮನೆಯವರು ದೂರದ ತಾಲ್ಲೂಕಿನಲ್ಲಿ ಫೋನಿಗೆ ಕಾಯುತ್ತಿರುತ್ತಾರೆ, ಇಲ್ಲಿ ರಿಜಿಸ್ಟರಿನಲ್ಲಿ ‘ಅನಾಥ ಶವ’ ಎಂದು ಬರೆದಾಗಿರುತ್ತದೆ. ವಾರಸುದಾರರಿದ್ದೂ ಹುಡುಕುವ ಗೋಜಿಗೆ ಹೋಗದಿದ್ದರೆ ಅದು ಅನಾಥ ಶವವಲ್ಲ, ಅನಾಥ ಮಾಡಿದ ಶವ. ಕಲ್ಕತ್ತೆಯಿಂದ ದಶಕಗಟ್ಟಲೆ ನಮ್ಮವರ ಅಸ್ಥಿಪಂಜರಗಳು ಪಾಶ್ಚಾತ್ಯ ವೈದ್ಯಕೀಯ ಶಾಲೆಗಳಿಗೆ ಹೋದವು. ಸರ್ಕಾರ ಅದಕ್ಕೆ ತಡೆ ಹಾಕಿದ್ದು 1985ರಲ್ಲಿ. ಆ ಮೂಳೆಗಳು ಯಾವ ಊರಿನವು, ಯಾರ ಒಪ್ಪಿಗೆಯಿಂದ ಹೋದವು ಎಂದು ಕೊಂಡ ಶಾಲೆಗಳಲ್ಲಿ ಎಷ್ಟು ಕೇಳಿದವು?

ದೇಹದಾನ ಬೆಳೆದಿದೆ. ಜನ ತಾವಾಗಿಯೇ ಕೊಡುತ್ತಿದ್ದಾರೆ. ನನ್ನ ಮೈಯನ್ನು ಕೊಡುತ್ತೇನೆ ಎಂದು ನಾನೇ ಬರೆದರೆ ಅದು ದಾನ. ಬರೆಯಲು ಬಾರದವನ ಮೈಯನ್ನು, ಕೇಳುವವರಿಲ್ಲವೆಂದು ಎತ್ತಿಕೊಂಡರೆ ಅದು ದಾನವಲ್ಲ. ಅನಾಟಮಿ ಹಾಲಿನಲ್ಲಿ ವಿದ್ಯಾರ್ಥಿಗಳು ಶವವನ್ನು ಮೊದಲ ಗುರುವೆಂದು ನಮಸ್ಕರಿಸಿ ಪಾಠ ಆರಂಭಿಸುತ್ತಾರೆ. ಒಳ್ಳೆಯ ರೂಢಿ. ಆ ಗುರುವಿನ ಹೆಸರು ಮಾತ್ರ ಅವರಿಗೆ ಗೊತ್ತಿರಬೇಕು.

ನಾವು ಕೇಳಬೇಕಾದದ್ದು ಹೆಚ್ಚೇನಲ್ಲ. ಹಕ್ಕುದಾರರಿಲ್ಲದ ಶವ ಎಂಬ ಒಂದೇ ಕಾರಣಕ್ಕೆ ಯಾರ ದೇಹವನ್ನೂ ಛೇದನಕ್ಕೆ ಒಯ್ಯಬಾರದು ಎಂದು 1957ರ ಕಾನೂನನ್ನು ತಿದ್ದಬೇಕು. ಅಲ್ಲಿಯವರೆಗೆ ಪೊಲೀಸ್ ಠಾಣೆ, ಆಸ್ಪತ್ರೆ, ಕಾಲೇಜು ಮೂರೂ ಬಂಧುಗಳನ್ನು ಹುಡುಕಿದ ದಾಖಲೆ, ತೆಗೆದ ಫೋಟೋ, ಕಳಿಸಿದ ಸುದ್ದಿ, ಎಲ್ಲವನ್ನೂ ಬಹಿರಂಗವಾಗಿ ಇಡಬೇಕು. ವೈದ್ಯರಾಗಲು ಹೊರಟ ಹುಡುಗ ಹುಡುಗಿಯರೇ, ಮೊದಲ ದಿನ ಹಾಲಿನ ಬಾಗಿಲಲ್ಲಿ ನಿಂತು ನಿಮ್ಮ ಅಧ್ಯಾಪಕರನ್ನು ಕೇಳಿ: ಈ ದೇಹ ಯಾರದು, ಯಾರು ಕೊಟ್ಟರು? ಉತ್ತರ ಸಿಗದಿದ್ದರೆ ಚಾಕು ಕೈಗೆತ್ತಿಕೊಳ್ಳಬೇಡಿ.